ಬಿಸಿಲ ನಾಡಿನ ಬಚ್ಚಲ ಹೊಗೆ

ಕೂಡ್ಲಿಗಿಯಿಂದ ಕೊಟ್ಟೂರಿನ ಬಸ್ಸು ಹಿಡಿದವರಿಗೆ ದಾರಿಯುದ್ದಕ್ಕೂ ಜೊತೆಯಾಗುವುದು ಬಳ್ಳಾರಿ ಜಾಲಿ. ಹೆಸರಿಗೆ ಬಳ್ಳಾರಿಯದಾದರೂ ಇದರ ತವರು ಅಮೆರಿಕ ಖಂಡ. ಕಡಿದಷ್ಟೂ ಚಿಗುರುವ ಈ ಮುಳ್ಳುಗಿಡ ಇಲ್ಲಿನ ಬಡವರ ಉರುವಲು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬಿಸಿಲಿಗೆ ಬರವಿಲ್ಲ. ಮನೆಯನ್ನು ಬೆಚ್ಚಗಿಡುವ ಚಿಂತೆ ಯಾರಿಗೂ ಇಲ್ಲ. ಬೆಂಕಿ ಬೇಕಾಗುವುದು ರೊಟ್ಟಿಯ ಹಂಚಿಗೆ ಮತ್ತು ಬಚ್ಚಲ ಹಂಡೆಗೆ.

2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಬಡವರ ಅಡುಗೆಮನೆಗೂ ಗ್ಯಾಸ್ ಬಂತು. ಚಹಾ, ಸಾರು ಅದರ ಮೇಲೆ ಆಗುತ್ತವೆ. ಆದರೆ ದುಡ್ಡು ಕೊಟ್ಟು ತಂದ ಸಿಲಿಂಡರನ್ನು ಜಳಕದ ನೀರಿಗೆ ಸುಡಲು ಮನಸ್ಸು ಬಾರದು. ಹೀಗಾಗಿ ಹಂಡೆಯ ಕೆಳಗೆ ಜಾಲಿ, ಕುಳ್ಳು, ತೊಗರಿಕಟ್ಟಿಗೆ ಉರಿಯುತ್ತಲೇ ಇವೆ.

ಇದರ ಲೆಕ್ಕ ಸರಳ. 20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 400 ಕಿಲೊಕ್ಯಾಲೊರಿ ಶಾಖ ಸಾಕು. ಒಂದು ಕಿಲೊ ಒಣಕಟ್ಟಿಗೆಯಲ್ಲಿ ಸುಮಾರು 4,000 ಕಿಲೊಕ್ಯಾಲೊರಿ ಇದೆ. ತೆರೆದ ಒಲೆಯಲ್ಲಿ ಅದರ ಹತ್ತನೆಯ ಒಂದು ಪಾಲು ಮಾತ್ರ ನೀರಿಗೆ ಸೇರುತ್ತದೆಂದು ಹಿಡಿದರೆ, ಒಬ್ಬರ ಜಳಕಕ್ಕೆ ಒಂದು ಕಿಲೊ ಕಟ್ಟಿಗೆ! ನಾಲ್ವರ ಮನೆಗೆ ತಿಂಗಳಿಗೆ ನೂರು ಕಿಲೊ ಮೀರುತ್ತದೆ. ಇದನ್ನು ಹೊತ್ತು ತರುವವರೂ, ಹೊಗೆ ಕುಡಿಯುವವರೂ ಹೆಂಗಸರೇ.

ಈ ಪೋಲು ಹೊಸ ಸಂಗತಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರ 1980ರ ದಶಕದಲ್ಲೇ ಹೊಗೆಕೊಳವೆಯ 'ಅಸ್ತ್ರ ಒಲೆ'ಯನ್ನು ಹಳ್ಳಿಗಳಿಗೆ ತಲುಪಿಸಿತ್ತು.

ಕಡಿದ ಜಾಲಿ ಮತ್ತೆ ಬೆಳೆದಾಗ ಉರಿದ ಇಂಗಾಲದ ಬಹುಪಾಲನ್ನು ಗಾಳಿಯಿಂದ ಮರಳಿ ಹೀರುತ್ತದೆ. ಭೂಗರ್ಭದಿಂದ ಬಂದ ಗ್ಯಾಸಿಗೆ ಆ ಗುಣವಿಲ್ಲ. ಆದರೆ ಗ್ಯಾಸಿಗೆ ಹೊಗೆ ಕಡಿಮೆ. ಎರಡರ ದೋಷವೂ ಇಲ್ಲದ ಉರುವಲು ತಲೆಯ ಮೇಲೆಯೇ ಇದೆ: ಬಿಸಿಲು. 45 ಡಿಗ್ರಿಯ ನೀರಿಗೆ ಬೆಂಕಿಯೇ ಬೇಕಿಲ್ಲ.

ಮಲ್ಲಿಗೆಯ ಹಡಗಲಿ ದಾಟಿ ಹರಪನಹಳ್ಳಿಯತ್ತ ಬಂದರೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಅವುಗಳ ವಿದ್ಯುತ್ತು ತಂತಿ ಹಿಡಿದು ದೂರದ ಊರುಗಳಿಗೂ ಹೋಗುತ್ತದೆ. ಕೆಳಗಿನ ಹಳ್ಳಿಯಲ್ಲಿ ಬೆಳಗಿನ ಹೊಗೆ ಏಳುತ್ತದೆ. ಸೋಲಾರ್ ಹೀಟರಿಗೆ ಗಟ್ಟಿ ಸೂರು ಬೇಕು, ಅದರ ಮೇಲೆ ನೀರಿನ ತೊಟ್ಟಿ ಬೇಕು, ಒಮ್ಮೆಗೇ ಹಾಕುವ ದುಡ್ಡೂ ಬೇಕು. ಕೂಲಿಯವರ ಮನೆಗೆ ಈ ಮೂರೂ ದೂರ. ಸರ್ಕಾರ ಬಡವರಿಗೆ ಮನೆ ಕಟ್ಟಿಕೊಡುವಾಗ ಬಚ್ಚಲನ್ನೂ ಲೆಕ್ಕಕ್ಕೆ ಹಿಡಿದು, ಸೂರಿನ ಮೇಲೊಂದು ತೊಟ್ಟಿ, ಅದರ ಪಕ್ಕ ಒಂದು ಹೀಟರ್ ಇಟ್ಟರೆ, ಕಟ್ಟಿಗೆಯ ಹೊರೆ ಅಷ್ಟರ ಮಟ್ಟಿಗಾದರೂ ಇಳಿದೀತು.