ಸುಳ್ಳದ ದಾರಿಯಲ್ಲಿ ಒಂದು ಲಿಂಬೆಹಣ್ಣು

ಊರಿನ ಹೆಸರು ಸುಳ್ಳ. ಮೊದಲ ಸಲ ಕೇಳಿದವರು ನಗುವುದುಂಟು. ಆದರೆ ಶ್ರಾವಣ ಮಾಸದಲ್ಲಿ ಅಲ್ಲಿಯ ಎರೆಹೊಲವನ್ನು ತುಳಿದವರಿಗೆ ಅಷ್ಟು ನಿಜವಾದ ನೆಲ ಬೇರೊಂದಿಲ್ಲವೆನಿಸುತ್ತದೆ. ಮೊದಲ ಹೆಜ್ಜೆಗೆ ಚಪ್ಪಲಿಗೆ ಮಣ್ಣು ಮೆತ್ತುತ್ತದೆ. ಎರಡನೆಯ ಹೆಜ್ಜೆಗೆ ಅದು ಸೇರಿನ ತೂಕವಾಗುತ್ತದೆ. ನಾಲ್ಕನೆಯ ಹೆಜ್ಜೆಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುವುದೇ ಲೇಸೆಂದು ಪಟ್ಟಣಿಗನಿಗೂ ತಿಳಿದುಬಿಡುತ್ತದೆ.

ಧಾರವಾಡದ ಪಡುವಣಕ್ಕೆ ಮಲೆನಾಡಿನ ಸೆರಗು ಹಾಸಿದ್ದರೆ, ಹುಬ್ಬಳ್ಳಿಯನ್ನು ದಾಟಿ ಮೂಡಣಕ್ಕೆ ಬರುತ್ತಲೇ ಬೆಳವಲದ ಬಯಲು ತೆರೆದುಕೊಳ್ಳುತ್ತದೆ. ಕುಸುಗಲ್ಲ, ಬ್ಯಾಹಟ್ಟಿಗಳ ನೆರೆಯಲ್ಲಿ ಸುಳ್ಳವಿರುವುದು ಈ ಬಯಲಿನಲ್ಲಿಯೇ. ಬ್ಯಾಹಟ್ಟಿ ತನ್ನ ತಾಮ್ರಶಾಸನಗಳಿಂದ ಇತಿಹಾಸಜ್ಞರಿಗೆ ಪರಿಚಿತವಾದ ಊರು. ಬೇಸಿಗೆಯಲ್ಲಿ ಸೊರಗಿ, ಮಳೆಗಾಲದಲ್ಲಿ ದಂಡೆ ಮೀರಿ ಹೊಲಗಳನ್ನು ನುಂಗುವ ಬೆಣ್ಣಿಹಳ್ಳ ಇದೇ ಸೀಮೆಯಲ್ಲಿ ಹರಿದು ಮಲಪ್ರಭೆಯನ್ನು ಸೇರುತ್ತದೆ. ಹೆಸರು, ಹತ್ತಿ, ಮೆಣಸಿನಕಾಯಿ, ಕಡಲೆ, ಬಿಳಿಜೋಳ ಇಲ್ಲಿಯ ಬೆಳೆಗಳು. ನೋಡಹೋದರೆ ಬೆಟ್ಟವಿಲ್ಲ, ಜಲಪಾತವಿಲ್ಲ. ಆಕಾಶ ಮಾತ್ರ ನಾಲ್ಕೂ ಕಡೆ ನೆಲಕ್ಕೆ ಮುಟ್ಟಿದೆ.

ಈ ಬಯಲನ್ನು ಕಾಣಬೇಕಾದರೆ ನಾಗರಪಂಚಮಿಗೆ ಬರಬೇಕು. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿಯಲ್ಲಿ ಜೀಕುತ್ತಿರುತ್ತಾರೆ. ಅಡಿಗೆಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟುಗಳ ಸಾಲು. ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಕಟ್ಟಿ ಗಿರಗಿರನೆ ತಿರುಗಿಸುತ್ತಾರೆ. ಪ್ರಾಯದವರದು ಬೇರೆಯೇ ಹಬ್ಬ. ಅವರಿಗೆ ಪಂದ್ಯ ಬೇಕು. ಕಣ್ಣು ಕಟ್ಟಿಕೊಂಡು ನಡೆಯುವುದು, ಭಾರ ಎತ್ತುವುದು, ತುಂಬಿದ ಕೊಡ ಹೊತ್ತು ಓಡುವುದು, ಹೀಗೆ ಬಗೆಬಗೆಯ ಪಂದ್ಯಗಳು. ಇವೆಲ್ಲಕ್ಕೂ ಸೊಗಸಾದುದು ಈ ಸೀಮೆಯ ಲಿಂಬೆಹಣ್ಣಿನ ಪಂದ್ಯ.

ಅದರ ಕಟ್ಟಳೆ ಬಹು ಸರಳ. ಒಂದು ಊರಿನಿಂದ ಮತ್ತೊಂದು ಊರಿನವರೆಗೆ ಲಿಂಬೆಹಣ್ಣನ್ನು ಎಸೆಯುತ್ತ ಹೋಗಬೇಕು. ಬಿದ್ದಲ್ಲಿಂದ ಮತ್ತೆ ಎಸೆಯಬೇಕು. ಗೊತ್ತುಪಡಿಸಿದಷ್ಟೇ ಎಸೆತಗಳಲ್ಲಿ ಗುರಿ ಮುಟ್ಟಬೇಕು. ಕೇಳಲು ಮಕ್ಕಳಾಟ. ಆದರೆ ಮಳೆ ನೆನೆದ ಎರೆಮಣ್ಣಿನಲ್ಲಿ ಹಣ್ಣು ಉರುಳುವುದಿಲ್ಲ, ಬಿದ್ದಲ್ಲಿಯೇ ಹೂತುಕೊಳ್ಳುತ್ತದೆ. ಓಡಿ ಬಂದು ಎಸೆಯೋಣವೆಂದರೆ ಕಾಲು ಜಾರುತ್ತದೆ. ಅರ್ಧ ದಾರಿ ಕಳೆಯುವಷ್ಟರಲ್ಲಿ ಭುಜ ಬಿಗಿದು ಮೊಣಕೈ ನೋಯತೊಡಗುತ್ತದೆ. ಆಗ ಬೇಕಾಗುವವರು ಗೆಳೆಯರು. ಒಬ್ಬ ಮುಂದೆ ಓಡಿ ಹಣ್ಣು ಹುಡುಕುತ್ತಾನೆ. ಒಬ್ಬ ಎಣಿಕೆ ಹಿಡಿಯುತ್ತಾನೆ. ಮತ್ತೊಬ್ಬ ಎಸೆಯುವವನ ತೋಳು ನೀವುತ್ತಾನೆ. ಪಂದ್ಯ ಕಟ್ಟಿದವನು ಒಬ್ಬನಾದರೂ ದಾರಿ ಎಲ್ಲರದು.

ಇಂಥ ಗೆಳೆತನದ ಬೆಲೆ ತಿಳಿಯುವುದು ಹಬ್ಬದ ದಿನವಲ್ಲ, ಹದದ ದಿನ. ಎರೆಭೂಮಿಯ ಬಿತ್ತನೆಗೆ ಹದವೆಂಬುದು ಕೆಲವೇ ದಿನಗಳ ಮಾತು. ಹಸಿ ಹೆಚ್ಚಾದರೆ ಕೂರಿಗೆ ನಡೆಯದು. ಆರಿದರೆ ಕಾಳು ಮೊಳೆಯದು. ಅದೇ ದಿನಗಳಲ್ಲಿ ಒಕ್ಕಲಿಗನೊಬ್ಬ ವಿಷಮಜ್ವರದಿಂದ ಮಲಗಿದನೆನ್ನಿ: ಮಲಗಿದ್ದು ಮನುಷ್ಯನೊಬ್ಬನೇ ಅಲ್ಲ, ಇಡೀ ಮನೆತನದ ವರ್ಷ. ಆಗ ಗೆಳೆಯರಲ್ಲಿ ಒಬ್ಬ ರೋಗಿಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುತ್ತಾನೆ. ಉಳಿದವರು ತಮ್ಮ ಎತ್ತುಗಳನ್ನು ಮೊದಲು ಅವನ ಹೊಲಕ್ಕೆ ಹೂಡುತ್ತಾರೆ, ಆಮೇಲೆ ತಮ್ಮದಕ್ಕೆ. ಇದಕ್ಕೆ ಹಳ್ಳಿಗರು ಇಟ್ಟ ಹೆಸರು ಮುಯ್ಯಿ. ಇಂದು ಮಾಡಿದ್ದು ನಾಳೆ ತಿರುಗಿ ಬರುತ್ತದೆಂಬ ನಂಬಿಕೆ ಅದರಲ್ಲಿದೆ. ಲೆಕ್ಕದ ಪುಸ್ತಕ ಮಾತ್ರ ಇಲ್ಲ.

ಜ್ವರ ಇಳಿದ ಮೇಲೆ ಇನ್ನೊಂದು ಕಷ್ಟ ಆರಂಭವಾಗುತ್ತದೆ. ಹಾಸಿಗೆಯಿಂದ ಎದ್ದವನನ್ನು ಊರು ಮರುಕದಿಂದ ನೋಡತೊಡಗುತ್ತದೆ. "ಪಾಪ, ಕೂಡ್ರಲಿ ಬಿಡ್ರಿ" ಎಂಬ ಮಾತು ಕಿವಿಗೆ ಹಿತವಾದರೂ ಎದೆಗೆ ಭಾರ. ಪಂಚಮಿಯ ದಿನ ಕಟ್ಟೆಯ ಮೇಲೆ ಕುಳಿತು, ಗೆಳೆಯರು ಲಿಂಬೆ ಹಿಡಿದು ಹೊರಡುವುದನ್ನು ನೋಡುವ ಅಂಥವನ ಮನಸ್ಸನ್ನು ಊಹಿಸಿಕೊಳ್ಳಬಹುದು. ನಿಜವಾದ ಗೆಳೆಯನಾದವನು ಆಗ ಹಿಂದಿರುಗಿ ಬಂದು, "ಏಳೋ ಮಾರಾಯಾ, ನೀ ಒಂದ ಒಗಿ ಸಾಕು, ಉಳದದ್ದು ನಾವು ನೋಡ್ಕೋತೀವಿ" ಎನ್ನುತ್ತಾನೆ. ಆ ಒಂದು ಎಸೆತ ಇಪ್ಪತ್ತು ಮಾರು ದೂರವೂ ಹೋಗದಿರಬಹುದು. ಪಂದ್ಯದ ಲೆಕ್ಕದಲ್ಲಿ ಅದು ನಷ್ಟವೇ. ಆದರೆ ಮನುಷ್ಯ ಕಟ್ಟೆಯಿಂದ ಇಳಿದು ದಾರಿಗೆ ಬಂದನಲ್ಲ!

ಸೊರಗಿದ ಕೈಗೂ ಆಟದಲ್ಲಿ ಪಾಲುಂಟೆಂಬುದು ಬೆಳವಲದ ಹಳ್ಳಿಗಳಷ್ಟೇ ಬಲ್ಲ ಮಾತಲ್ಲ. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಿ. ಎಸ್. ಚಂದ್ರಶೇಖರರಿಗೆ ಎಳವೆಯಲ್ಲಿಯೇ ಪೋಲಿಯೋ ತಗಲಿ ಬಲಗೈ ಬಡವಾಯಿತು. ಕ್ಷೇತ್ರರಕ್ಷಣೆಯಲ್ಲಿ ಚೆಂಡನ್ನು ಎಸೆಯಬೇಕಾದಾಗ ಅವರು ಎಡಗೈಯನ್ನೇ ಬಳಸುತ್ತಿದ್ದರು. ಆದರೆ ಬೌಲ್ ಮಾಡಿದ್ದು ಮಾತ್ರ ಆ ಬಡವಾದ ಬಲಗೈಯಿಂದಲೇ. 1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಅದೇ ಕೈ 38 ರನ್ನುಗಳಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಕೆಡವಿತು. ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ದೊರೆಯಿತು. ಆ ಗೆಲುವಿನಲ್ಲಿ, ಬ್ಯಾಟಿಗೆ ಮೈಯೊಡ್ಡುವಷ್ಟು ಹತ್ತಿರ ಬಗ್ಗಿ ನಿಂತು ಕ್ಯಾಚು ಹಿಡಿದ ಏಕನಾಥ ಸೋಳ್ಕರರ ಕೈಗಳ ಪಾಲೂ ಇತ್ತು.

1973–74ರಲ್ಲಿ ಪ್ರಸನ್ನರ ನಾಯಕತ್ವದಲ್ಲಿ, ವಿಶ್ವನಾಥ್ ಮತ್ತು ಚಂದ್ರಶೇಖರರಿದ್ದ ಕರ್ನಾಟಕ ತಂಡ, ಸತತ 15 ವರ್ಷ ರಣಜಿ ಟ್ರೋಫಿಯನ್ನು ಗೆದ್ದಿದ್ದ ಮುಂಬಯಿಯನ್ನು ಉಪಾಂತ್ಯದಲ್ಲಿ ಹಿಂದಿಕ್ಕಿ, ಮೊದಲ ಬಾರಿಗೆ ಆ ಪ್ರಶಸ್ತಿಯನ್ನು ನಾಡಿಗೆ ತಂದಿತು. ಚಂದ್ರಶೇಖರರಿಗೆ ಮುಕೇಶರ ಹಾಡೆಂದರೆ ಪ್ರಾಣ. ಅವರ ಚೆಂಡಿನ ಓಟ ಕುಂದಿದಾಗ ಜೊತೆಯ ಆಟಗಾರರು ಬಳಿಯಲ್ಲಿ ಹಾಯ್ದು ಹೋಗುತ್ತ ಅಂಥದೊಂದು ಹಾಡನ್ನು ಗುನುಗುತ್ತಿದ್ದರಂತೆ. 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದ ಆ ಕೈಗೆ ಯಾರೂ ಮರುಕ ತೋರಲಿಲ್ಲ, ಚೆಂಡು ಕೊಟ್ಟರು.

ಪಂಚಮಿಯ ಸಂಜೆ ಸುಳ್ಳದ ಬಯಲಿನಲ್ಲಿ ನಿಂತರೆ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹೆಸರಿನ ಹೊಲಗಳಲ್ಲಿ ಕಾಯಿ ಕಟ್ಟುವ ಕಾಲ. ಯಾವ ಹೊಲವನ್ನು ಒಡೆಯ ಬಿತ್ತಿದ, ಯಾವುದನ್ನು ಅವನ ಗೆಳೆಯರು ಬಿತ್ತಿದರು ಎಂಬುದು ಬೆಳೆ ನೋಡಿ ತಿಳಿಯುವಂಥದಲ್ಲ. ದೂರದ ಗುಡಿಯ ಕಡೆ ಹುಯಿಲೆದ್ದರೆ ಲಿಂಬೆ ಗುರಿ ಮುಟ್ಟಿತೆಂದು ಅರ್ಥ. ಗೆದ್ದರೆ ಪಣದ ತೆಂಗಿನಕಾಯಿ ಅಲ್ಲಿಯೇ ಒಡೆದು ಹಂಚಿಹೋಗುತ್ತದೆ. ಇಪ್ಪತ್ತು ಮಾರು ಎಸೆದವನಿಗೂ ಅದರಲ್ಲಿ ಒಂದು ಹೋಳು ಇದ್ದೇ ಇರುತ್ತದೆ.