ಹೌಸಿಂಗ್ ಕೂಗುತ್ತಿದ್ದ ಕಾಲ

ಸಂಶಿ ಕಡೆಯಿಂದ ಕುಂದಗೋಳದ ಪ್ಯಾಟಿಗೆ ನಮ್ಮ ಜೀಪು ಹೊರಟರೆ ಒಳಗೆ ಹತ್ತು-ಹನ್ನೆರಡು ಮಂದಿ, ಟಾಪಿನ ಮೇಲೆ ಮೆಣಸಿನಕಾಯಿ ಚೀಲ. 1990ರ ದಶಕದ ಮಾತಿದು. ಬಸ್ಸು ಅಪರೂಪವಾಗಿದ್ದ ಕಪ್ಪು ಮಣ್ಣಿನ ಎರಿ ಸೀಮೆಯ ಹಳ್ಳಿಗಳಿಗೆ ಡೀಸೆಲ್ ಜೀಪೇ ಆಸರೆ.

ಹಳೆಯ ಮಹೀಂದ್ರ ಜೀಪಿನ ಹಿಂದಿನ ಗಾಲಿಗಳ ನಡುವೆ ಹಲ್ಲುಚಕ್ರಗಳಿರುವ ಹೌಸಿಂಗ್‌ನಲ್ಲಿ ಸಣ್ಣ ಚಕ್ರವಾದ ಪಿನಿಯನ್‌ಗೆ 8 ಹಲ್ಲು, ಅದು ತಿರುಗಿಸುವ ದೊಡ್ಡ ಚಕ್ರ ಕ್ರೌನ್‌ಗೆ 43. ಗಾಲಿ ಒಂದು ಸುತ್ತು ತಿರುಗಬೇಕಾದರೆ ಪಿನಿಯನ್ ಐದು ಸುತ್ತಿಗಿಂತ ಹೆಚ್ಚು ತಿರುಗಬೇಕು. ಅದಕ್ಕೇ ಮಳೆಗಾಲದ ಎರಿ ಕೆಸರಿನಲ್ಲೂ ಎಳೆಯುತ್ತಿತ್ತು, ಡಾಂಬರು ಸಿಕ್ಕರೆ ಮಾತ್ರ ಓಡುತ್ತಿರಲಿಲ್ಲ. ದಿನಕ್ಕೆ ಒಂದು ಟ್ರಿಪ್ಪು ಹೆಚ್ಚು ಹೊಡೆಯಬಹುದೆಂದು ಹಲವರು ಸ್ಪೀಡು ಬರುವ ಬೇರೆ ಕ್ರೌನ್-ಪಿನಿಯನ್ ಹಾಕಿಸತೊಡಗಿದರು. ಅಪ್ಪನೂ ಹುಬ್ಬಳ್ಳಿಯ ಒಂದು ಅಂಗಡಿಯಿಂದ ಕಡಿಮೆ ರೇಟಿಗೆ ತಂದು, ಯಾರದೋ ಕೈಯಲ್ಲಿ ಕೂಡಿಸಿದ.

ಸ್ಪೀಡು ಬಂತು. ಜೊತೆಗೆ ಊಂ... ಎಂಬ ಕೂಗೂ ಬಂತು. ವೇಗ ನಲವತ್ತು ದಾಟಿದರೆ ಸಾಕು, ಪಕ್ಕದಲ್ಲಿ ಕೂತವರ ಮಾತು ಕೇಳುತ್ತಿರಲಿಲ್ಲ.

ಕುಂದಗೋಳದಲ್ಲಿ ಒಬ್ಬ ಚಾಚಾ ಇದ್ದ, ಹೌಸಿಂಗ್ ಕೆಲಸಕ್ಕೆ ಹೆಸರಾದವ. ಬಂದವನೇ ಪಾನಾ ಹಿಡಿಯಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಅಪ್ಪನಿಗೆ ಜೀಪು ಓಡಿಸಲು ಹೇಳಿದ. ‘ಎಕ್ಸಲೇಟರ್ ಒತ್ರಿ... ಈಗ ಬಿಡ್ರಿ... ಬಲಕ್ಕ ಹೊಳ್ಳಸ್ರಿ.’ ಇಳಿದ ಮೇಲೆ ನನಗೆ ಹೇಳಿಕೊಟ್ಟ: ‘ಕೇಳು ತಮ್ಮಾ, ಒತ್ತಿದಾಗಷ್ಟ ಕೂಗಿದ್ರ ಹಲ್ಲಿನ ಒಂದು ಮಗ್ಗಲು, ಬಿಟ್ಟಾಗ ಕೂಗಿದ್ರ ಇನ್ನೊಂದು ಮಗ್ಗಲು. ಹೊಳ್ಳಿಸಿದಾಗಷ್ಟ ಕಟಕಟ ಅಂದ್ರ ಒಳಗಿನ ಸಣ್ಣ ಹಲ್ಲು. ಯಾವಾಗ್ಲೂ ಗುಂಯ್ ಅಂದ್ರ ಬೇರಿಂಗು.’ ಗಾಯಕ ಸವಾಯಿ ಗಂಧರ್ವರ ಊರಿನವನಲ್ಲವೇ, ಕಿವಿ ಹಾಗಿತ್ತೆಂದು ನಾನು ಇವತ್ತಿಗೂ ನಂಬಿದ್ದೇನೆ.

ಹೌಸಿಂಗ್ ಬಿಚ್ಚಿ ಕ್ರೌನಿನ ನಾಲ್ಕೈದು ಹಲ್ಲಿಗೆ ನೀಲಿ ಬಣ್ಣ ಸವರಿ ಕೈಯಿಂದ ತಿರುಗಿಸಿದ. ಬಣ್ಣ ಹಲ್ಲಿನ ನಡುವೆ ಅಳಿಯಬೇಕಿತ್ತು, ಅಂಚಿಗೆ ಉಗುರಿನಷ್ಟು ಮಾತ್ರ ಅಳಿದಿತ್ತು. ಹಲ್ಲುಗಳ ಅಂತರ ಹೊಂದಿಸುವ ತೆಳು ಬಿಲ್ಲೆ, ಶಿಮ್, ತೆಗೆದ, ಹಾಕಿದ, ಮತ್ತೆ ತೆಗೆದ. ಮಧ್ಯಾಹ್ನ ಕಳೆದರೂ ಗುರುತು ನಡುವಿಗೆ ಬರಲಿಲ್ಲ. ಕೊನೆಗೆ ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದು ತೋರಿಸಿದ: ಪಿನಿಯನ್ ಮುಖದ ಮೇಲೆ ಒಂದು ನಂಬರು, ಕ್ರೌನಿನ ಮೇಲೆ ಇನ್ನೊಂದು. ಕಾರ್ಖಾನೆಯಲ್ಲಿ ಈ ಎರಡನ್ನೂ ಒಟ್ಟಿಗೇ ತಿರುಗಿಸಿ, ಉಜ್ಜಿ, ಜೋಡಿ ಮಾಡಿ, ಒಂದೇ ನಂಬರು ಕೊರೆಯುತ್ತಾರೆ. ನಮಗೆ ಸಿಕ್ಕಿದ್ದು ಎರಡು ಜೋಡಿಯ ಒಂಟಿಗಳು. ‘ಇವಕ್ಕ ಯಾವ ಶಿಮ್ಮೂ ಸಾಲೂದಿಲ್ರಿ ಗೌಡ್ರ,’ ಅಂದ. ಬಿಚ್ಚಿದ ಮಾಲು ವಾಪಸ್ ಇಲ್ಲವೆಂದು ಅಂಗಡಿಯವ ಕಳಿಸಿದ. ಹೊಸ ಜೋಡಿಗೆ ಅಪ್ಪ ಆ ವರ್ಷದ ಹತ್ತಿ ದುಡ್ಡು ಮುರಿದ.

ಆ ಜೀಪುಗಳು ಈಗ ಪ್ಯಾಟಿ ದಾರಿಯಲ್ಲಿಲ್ಲ. ಟಂಟಂ ಬಂದವು, ಬೊಲೆರೊ ಬಂದವು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಉಳಿದ ಜೀಪುಗಳನ್ನು ಹುಡುಗರು ಹುರುಪಿನಿಂದ ಕೊಂಡು, ದೊಡ್ಡ ಟಾಯರು, ಗುಡುಗುವ ಸೈಲೆನ್ಸರ್ ಹಾಕಿ ಹೊಲದ ದಾರಿಗಿಳಿಸುತ್ತಾರೆ. ಅವರ ಹುರುಪು ನನಗೆ ಇಷ್ಟ. ಆದರೆ ಆ ಗದ್ದಲದಲ್ಲಿ ಹೌಸಿಂಗ್ ಕೂಗಿದ್ದು ಕೇಳುವುದಿಲ್ಲ. ಹಲ್ಲು ಮುರಿದು ಗಾಡಿ ನಿಂತ ಮೇಲೆಯೇ ಗೊತ್ತಾಗುತ್ತದೆ. ಕೂತು ಕೇಳುವ ಮೇಸ್ತ್ರಿಗಳೂ ಕಡಿಮೆಯಾದರು. ಚಾಚಾನ ಗ್ಯಾರೇಜಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ.

ಜೀಪು ಕಟ್ಟಿಸುವ ತಮ್ಮಂದಿರಿಗೆ ಒಂದು ಮಾತು. ಕ್ರೌನ್-ಪಿನಿಯನ್ ಕೊಳ್ಳುವಾಗ ಅಂಗಡಿಯ ಕಟ್ಟೆಯ ಮೇಲೇ ಗ್ರೀಸು ಒರೆಸಿ ಎರಡರ ನಂಬರೂ ಓದಿರಿ. ಬೇರೆ ಬೇರೆ ಇದ್ದರೆ, ಎಷ್ಟೇ ಅಗ್ಗವಾಗಲಿ, ಅಲ್ಲೇ ಬಿಟ್ಟು ಬನ್ನಿರಿ.