ಪಿಪ್‌ನ ಕಥೆಯ ಎರಡು ಮುಕ್ತಾಯಗಳು

ಚಾರ್ಲ್ಸ್ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಆಶೆಯ ಕಥೆಯೋ ವಿಷಾದದ ಕಥೆಯೋ ಎಂಬ ವಾದಕ್ಕೆ ಗ್ರಂಥಕರ್ತನೇ ಅವಕಾಶವನ್ನಿತ್ತನು. 1860ರ ಡಿಸೆಂಬರಿನಿಂದ ತನ್ನದೇ ವಾರಪತ್ರಿಕೆಯಲ್ಲಿ ಅದನ್ನು ಕಂತುಕಂತಾಗಿ ಪ್ರಕಟಿಸುತ್ತ ಬಂದ ಆತನು, ತಾನು ಮೊದಲು ಬರೆದ ಮುಕ್ತಾಯವನ್ನು ಮಿತ್ರನಾದ ಬುಲ್ವರ್ ಲಿಟ್ಟನ್ನನ ಸಲಹೆಗೆ ಓಗೊಟ್ಟು ಬದಲಾಯಿಸಿಬಿಟ್ಟನು. ಮೊದಲಿನದರಲ್ಲಿ, ಕಥಾನಾಯಕ ಪಿಪ್ ಪ್ರೀತಿಸಿದ್ದ, ಈಗ ಪುನರ್ವಿವಾಹಿತೆಯಾದ ಎಸ್ಟೆಲ್ಲಾ ಲಂಡನ್ನಿನ ಬೀದಿಯಲ್ಲಿ ಗಾಡಿ ನಿಲ್ಲಿಸಿ, ಪಿಪ್‌ನ ಜೊತೆಯಲ್ಲಿದ್ದ, ಅವನನ್ನು ಸಾಕಿದ ಜೋನ ಮಗನನ್ನು ಪಿಪ್‌ನದೇ ಮಗುವೆಂದು ಬಗೆದು ಮುದ್ದಿಸಿ ಅಗಲುತ್ತಾಳೆ; ಎರಡನೆಯದರಲ್ಲಿ, ಹಾಳುಬಿದ್ದ ತೋಟದಿಂದ, ಸಂಜೆಯ ಮಂಜು ಮೇಲೇಳುತ್ತಿರಲು, ಇಬ್ಬರೂ ಕೈಹಿಡಿದು ಹೊರಬರುತ್ತಾರೆ. ಡಿಕನ್ಸನ ಮಿತ್ರ ಫಾರ್ಸ್ಟರನು ತಾನು ಬರೆದ ಅವನ ಜೀವನಚರಿತ್ರೆಯಲ್ಲಿ ಹಳೆಯ ಮುಕ್ತಾಯವನ್ನು ಬೆಳಕಿಗೆ ತಂದ ಮೇಲೆ ರಸಿಕರು ಎರಡು ಪಕ್ಷವಾದರು. ಬರ್ನಾರ್ಡ್ ಷಾ ಹಳೆಯದರ ಕಡೆ ನಿಂತನು.

ನನಗಾದರೋ, ಈ ಕಾದಂಬರಿಯ ಆಶೆಯನ್ನು ಎಸ್ಟೆಲ್ಲಾಳ ಕೈಯಲ್ಲಿ ಅರಸುವುದೇ ಸಲ್ಲದೆಂದು ತೋರುತ್ತದೆ. ತನ್ನನ್ನು ದೊಡ್ಡಮನುಷ್ಯನನ್ನಾಗಿ ಮಾಡಿದ ಹಣವು ಗಡೀಪಾರಾದ ಕೈದಿ ಮ್ಯಾಗ್ವಿಚ್ಚನದೆಂದು ತಿಳಿದಾಗ ಹಾವನ್ನು ಕಂಡವನಂತೆ ಹಿಮ್ಮೆಟ್ಟಿದ ಪಿಪ್, ಕೊನೆಗೆ ಅದೇ ಕೈದಿಯು ಮರಣದಂಡನೆಯ ತೀರ್ಪನ್ನು ಕೇಳಲು ಮೂವತ್ತೆರಡು ಮಂದಿ ಸ್ತ್ರೀಪುರುಷರ ನಡುವೆ ಕಟಕಟೆಯಲ್ಲಿದ್ದಾಗ, ತುಂಬಿದ ನ್ಯಾಯಾಲಯದಲ್ಲಿ ಎಲ್ಲರೂ ಕಾಣುವಂತೆ ಅವನ ಕೈಯನ್ನು ಹಿಡಿದು ನಿಲ್ಲುತ್ತಾನೆ. ಹೊರಗೆ ಮಳೆ ನಿಂತು, ಕಿಟಕಿಯ ಗಾಜಿನ ಹನಿಗಳ ಮೂಲಕ ಹಾದ ಬಿಸಿಲು ತೀರ್ಪುಗಾರನ ಮೇಲೂ ಅಪರಾಧಿಗಳ ಮೇಲೂ ಸಮನಾಗಿ ಬೀಳುತ್ತದೆ. ಇಷ್ಟು ಉಜ್ವಲವಾದ ಪುಟವು ಡಿಕನ್ಸನಲ್ಲಿಯೂ ವಿರಳ.

ಹಾಗೆಂದು ವಿಷಾದವನ್ನು ಅಲ್ಲಗಳೆಯಲಾಗದು. ಜ್ವರದಲ್ಲಿ ಬಿದ್ದ ಪಿಪ್‌ನನ್ನು, ಅವನು ಹಿಂದೆ ನಾಚಿ ದೂರವಿಟ್ಟಿದ್ದ ಕಮ್ಮಾರ ಜೋ ಬಂದು ತಾಯಿಯಂತೆ ಉಪಚರಿಸುತ್ತಾನೆ. ರೋಗಿಗೆ ಬಲ ಬಂದಷ್ಟೂ ಜೋನ ಸಲಿಗೆ ಕುಗ್ಗಿ, ಮಾತಿನಲ್ಲಿ ‘ಸರ್’ ಎಂಬ ಸಂಬೋಧನೆ ನುಸುಳತೊಡಗುತ್ತದೆ. ಒಂದು ಬೆಳಗ್ಗೆ ಪಿಪ್ ಏಳುವಷ್ಟರಲ್ಲಿ, ಅವನ ಸಾಲವನ್ನು ತೀರಿಸಿದ ರಸೀದಿಯನ್ನಿಟ್ಟು ಜೋ ಹೊರಟುಹೋಗಿರುತ್ತಾನೆ. ಕ್ಷಮೆ ದೊರೆಯಿತು, ಹಳೆಯ ಬಾಲ್ಯ ದೊರೆಯಲಿಲ್ಲ. ಬಾಲ್ಯದ ಗೆಳತಿ ಬಿಡ್ಡಿಯನ್ನು ವರಿಸುವ ಮನಸ್ಸಿನಿಂದ ಊರಿಗೆ ಬಂದರೆ, ಅಂದೇ ಅವಳು ಜೋನನ್ನು ಮದುವೆಯಾಗಿದ್ದಳು.

ಆದರೂ ಪಿಪ್ ಮುರಿಯಲಿಲ್ಲ. ಸಿರಿಯಿದ್ದ ದಿನಗಳಲ್ಲಿ ಗೆಳೆಯ ಹರ್ಬರ್ಟನಿಗೆ ಗುಟ್ಟಾಗಿ ಏರ್ಪಡಿಸಿದ್ದ ವ್ಯಾಪಾರದ ಪಾಲುದಾರಿಕೆಯೇ ಅವನಿಗೂ ಅನ್ನಕ್ಕೆ ದಾರಿಯಾಯಿತು. ಗುಮಾಸ್ತನಾಗಿ ಕೈರೋಗೆ ಹೋಗಿ, ಮಿತವಾಗಿ ಬದುಕಿ, ಸಾಲಗಳನ್ನೆಲ್ಲ ತೀರಿಸಿ, ಹನ್ನೊಂದು ವರ್ಷಗಳ ತರುವಾಯ ಅವನು ಜೋನ ಮನೆಯ ಬಾಗಿಲಿಗೆ ಮರಳಿದನು. ಎರಡು ಮುಕ್ತಾಯಗಳಲ್ಲಿ ಯಾವುದನ್ನು ಓದಿದರೂ ಈ ಭಾಗಕ್ಕೆ ಕುಂದಿಲ್ಲ.